ಮಧ್ಯಾಹ್ನ ಬಾಡುವ ಮೆಣಸಿನ ಗಿಡ

ಬಾದನಹಟ್ಟಿ

ಮೊಮ್ಮಗಳೇ,

ಮೊನ್ನೆ ನೀನು ಹೊಲದಲ್ಲಿ ಹನ್ನೆರಡರ ಬಿಸಿಲಿಗೆ ಮೆಣಸಿನ ಗಿಡ ಜೋತುಬಿದ್ದದ್ದು ಕಂಡು "ತಾತಾ, ಮೋಟರು ಹಾಕು, ಸಾಯ್ತಾವೆ" ಅಂದೆ. ನಾನು ಹಾಕಲಿಲ್ಲವೆಂದು ಮುನಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಅದಕ್ಕೇ ಈ ಪತ್ರ.

ನಿನ್ನ ವಯಸ್ಸಿನಲ್ಲಿ ನಾನೂ ಬಾಡಿತೆಂದು ನಡುಹಗಲು ನೀರು ಬಿಟ್ಟವನೇ. ಸಂಜೆಗೆ ಗಿಡ ಎದ್ದು ನಿಂತಿತು. ನನ್ನಿಂದಲೇ ಎದ್ದಿತೆಂದು ಬೀಗಿದೆ, ವಾರವಿಡೀ ಬಿಟ್ಟೆ. ನಮ್ಮ ಎರೆಮಣ್ಣು ಕುಡಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬೇರುಗಳು ಕೊಳೆತವು. ನಿನ್ನ ಮುತ್ತಾತ ಬೈಯಲಿಲ್ಲ, ಒಂದು ಗಿಡ ಕಿತ್ತು ಕರ್ರಗಾದ ಬೇರನ್ನು ನನ್ನ ಕೈಯಲ್ಲಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಗಿಡ ಬಾಡಿ ತಾನಾಗೇ ಏಳುವುದು ಯಾಕೆ, ಕೇಳು. ಎಲೆಯ ಮೈಮೇಲೆ, ಅದರಲ್ಲೂ ಕೆಳಮಗ್ಗುಲಲ್ಲಿ, ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳಿವೆ. ನಿನ್ನ ಪುಸ್ತಕದ ಪತ್ರರಂಧ್ರ ಅವೇ. ಇಂಗಾಲದ ಡೈಆಕ್ಸೈಡ್ ಒಳಗೆ ಬರಲು ಅವು ತೆರೆಯಲೇಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಬೇರು ಕುಡಿದದ್ದರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಹೀಗೇ ಹೋಗುತ್ತದೆ. ದಂಡವೆನ್ನಬೇಡ. ಹೋಗುವ ನೀರೇ ಕೆಳಗಿನ ನೀರನ್ನು ಮಣ್ಣಿನ ಸಾರದ ಸಮೇತ ಮೇಲಕ್ಕೆ ಜಗ್ಗುತ್ತದೆ, ಎಲೆಯನ್ನು ತಂಪಾಗಿಡುತ್ತದೆ. ನಡುಹಗಲು ಖರ್ಚಿಗೆ ಬೇರಿನ ದುಡಿಮೆ ಸಾಲದು, ಗಿಡ ಜೋಲುತ್ತದೆ. ಬಿಸಿಲಿಳಿದ ಮೇಲೆ ಲೆಕ್ಕ ಚುಕ್ತಾ.

ಜೋಳ ಮೆಣಸಿನ ಗಿಡಕ್ಕಿಂತ ಜಾಣ. ನೀರು ಕಡಿಮೆಯಾದರೆ ಎಲೆಯನ್ನೇ ಸುರುಳಿ ಸುತ್ತಿಕೊಳ್ಳುತ್ತದೆ. ದಂಟು ಹಿಡಿದರೆ ಕೈಗೆ ಬಿಳಿ ಪುಡಿ ಹತ್ತುತ್ತದಲ್ಲ, ಅದು ಮೇಣ; ನೀರು ಆರದಂತೆ ಬಳಿದುಕೊಂಡದ್ದು.

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುಂಡದ ಸೂರ್ಯಕಾಂತಿಯನ್ನು ಬೆಳಿಗ್ಗೆ ಸಂಜೆ ತೂಗಿ ಗಿಡದ ಈ ನೀರಿನ ಖರ್ಚನ್ನು ಅಳೆದ. 1727ರಲ್ಲಿ ಪುಸ್ತಕವನ್ನೂ ತಂದ. ನಾವೋ, 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಹರಿದ ನೀರಿಗೆ ಊರೆಲ್ಲ ಮರುಗಿದೆವು. ಎಲೆಯ ಬಾಯಿಂದ ದಿನಾ ಹೋಗುವುದಕ್ಕೆ ಲೆಕ್ಕ ಇಟ್ಟವರಿಲ್ಲ.

ಭಾನುವಾರ ಬಾ. ಬೆಳಿಗ್ಗೆ ಅಂಗಳದ ಬೇವಿನ ಟೊಂಗೆಗೆ ಪ್ಲಾಸ್ಟಿಕ್ ಚೀಲ ಕಟ್ಟು, ಸಂಜೆ ಬಿಚ್ಚಿ ಒಳಗಿನ ಹನಿ ಮುಟ್ಟಿ ನೋಡು. ಮೆಣಸಿನ ಗಿಡವನ್ನು ಮಾತ್ರ ಸೂರ್ಯ ಹುಟ್ಟುವ ಮುಂಚೆ ನೋಡಬೇಕು. ಆಗಲೂ ಬಾಡಿದ್ದು, ಗೇಣುದ್ದ ಕೆದರಿದರೆ ಮಣ್ಣು ಒಣಗಿದ್ದರೆ, ಮೋಟರು ನೀನೇ ಹಾಕು.

ನಿನ್ನ ತಾತ