ಬರ್ಮಿಂಗ್‌ಹ್ಯಾಮ್ ನಾಲಿಗೆಗೆ ಕ್ಲಿಂಗನ್ ಒಗ್ಗದೇ?

ಪ್ರಶ್ನೆ: ನಾಲ್ಕನೇ ತರಗತಿಯವರೆಗೆ ಮೈಸೂರಿನಲ್ಲಿದ್ದೆ, ಆಮೇಲೆ ಬೆಳೆದದ್ದೆಲ್ಲ ಬರ್ಮಿಂಗ್‌ಹ್ಯಾಮ್‌ನಲ್ಲಿ. ಈಗ ಲಂಡನ್ನಿನಲ್ಲಿ ಓದುತ್ತಿದ್ದೇನೆ. ‘ಸ್ಟಾರ್ ಟ್ರೆಕ್’ ಹುಚ್ಚಿನಿಂದ ಗೆಳೆಯರ ಜೊತೆ ಅದರಲ್ಲಿ ಬರುವ ಕ್ಲಿಂಗನ್ನರ ಭಾಷೆ ಕ್ಲಿಂಗನ್ ಕಲಿಯಲು ಹೊರಟೆ. ನಾನು ಬಾಯಿ ತೆರೆದರೆ ಸಾಕು, ‘ಬ್ರಮ್ಮಿ (ಬರ್ಮಿಂಗ್‌ಹ್ಯಾಮ್‌ನವರ) ಕ್ಲಿಂಗನ್’ ಎಂದು ನಗುತ್ತಾರೆ. ಈಗ ಗುಂಪಿನಲ್ಲಿ ಸುಮ್ಮನೆ ಕೂರುತ್ತೇನೆ. ಸಿನಿಮಾ ಭಾಷೆಗಾಗಿ ಇಷ್ಟು ನೊಂದುಕೊಳ್ಳುವುದು ಹುಚ್ಚಲ್ಲವೇ?

ಉತ್ತರ: ಹುಚ್ಚಲ್ಲ. ಅವರು ನಕ್ಕದ್ದು ಕ್ಲಿಂಗನ್ ಕೇಳಿಯೇ ಇರಬಹುದು, ಆ ನಗು ಚುಚ್ಚಿದ್ದು ಮಾತ್ರ ನೀವು ಬೆಳೆದ ಊರಿನ ಮಾತಿಗೆ. ನೋವಾಗದಿದ್ದರೇ ಆಶ್ಚರ್ಯ. ಗೆಳೆಯರು ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ಬರ್ಮಿಂಗ್‌ಹ್ಯಾಮ್ ಧಾಟಿಗೆ ನಗುವುದು ಬ್ರಿಟನ್ನಿನಲ್ಲಿ ಹಳೆಯ ಚಾಳಿ. ಯಾರೂ ಯೋಚಿಸಿ ನಗುವುದಿಲ್ಲ, ಅದೇ ಅದರ ತೊಂದರೆ.

ಉಚ್ಚಾರಣೆಯ ವಿಷಯಕ್ಕೆ ಬರೋಣ. ಕ್ಲಿಂಗನ್ ಕಟ್ಟಿದ ಮಾರ್ಕ್ ಒಕ್ರಾಂಡ್ ಅಮೆರಿಕದ ಭಾಷಾವಿಜ್ಞಾನಿ. 1984ರಲ್ಲಿ ತೆರೆಕಂಡ ಮೂರನೇ ‘ಸ್ಟಾರ್ ಟ್ರೆಕ್’ ಚಿತ್ರಕ್ಕಾಗಿ ಅದನ್ನು ರೂಪಿಸಿ, ಮರುವರ್ಷ ನಿಘಂಟು ತಂದರು. ಅದರಲ್ಲಿ ಸ್ವರಗಳನ್ನು ಇಂಗ್ಲಿಷ್ ಪದಗಳಿಂದಲೇ ತೋರಿಸಿದ್ದಾರೆ. ಓಕಾರಕ್ಕೆ ಕೊಟ್ಟ ಪದ ‘ಮೊಸೇಯಿಕ್’. ಆದರೆ ಯಾರ ಬಾಯಿನ ಮೊಸೇಯಿಕ್? ನಿಮ್ಮೂರಲ್ಲಿ ಅದು ‘ಮೌಸೇಯಿಕ್’ಗೆ ಹತ್ತಿರ, ಸ್ಕಾಟ್ಲೆಂಡಿನಲ್ಲಿ ಒಂದೇ ನೇರ ಸ್ವರ. ಪುಸ್ತಕ ಹೇಳಿದಂತೆ ನಿಷ್ಠೆಯಿಂದ ನಡೆದರೂ ನಿಮಗೆ ಬೇರೆಯದೇ ಸ್ವರ ಬರುತ್ತದೆ. ಇದರಲ್ಲಿ ನಾಲಿಗೆಯ ತಪ್ಪೇನಿದೆ?

ಅಡ್ಡಿಗಳಿಲ್ಲವೆಂದಲ್ಲ. ನಿಮ್ಮೂರಿನವರು ‘ಸಿಂಗರ್’ ಎನ್ನುವಾಗ ಗಕಾರ ಸ್ಪಷ್ಟವಾಗಿ ಕೇಳುತ್ತದೆ. ಕ್ಲಿಂಗನ್‌ಗೆ ಬೇಕಾದದ್ದು ಬರೀ ಙಕಾರ. ಪದದ ಕೊನೆಯ ರಕಾರವೂ ನಿಮ್ಮಲ್ಲಿ ಬಿದ್ದುಹೋಗುತ್ತದೆ. ಮರಕ್ಕೆ ಕ್ಲಿಂಗನ್‌ನಲ್ಲಿ ‘ಷೋರ್’. ನೀವು ‘ಷೋ’ ಎನ್ನುತ್ತಿರಬಹುದು. ನಗುವವರನ್ನೂ ಒಮ್ಮೆ ಕಿವಿಗೊಟ್ಟು ಕೇಳಿ. ಲಂಡನ್ನಿನವರೂ ಆ ರಕಾರ ಬಿಡುತ್ತಾರೆ, ಕೊನೆಯ ಲಕಾರವನ್ನಂತೂ ಎಷ್ಟೋ ಮಂದಿ ಉಕಾರವಾಗಿ ಕರಗಿಸಿಬಿಡುತ್ತಾರೆ. ‘ಬಾಟಲ್’ನ ನಡುವಿನ ಟಕಾರವನ್ನು ಗಂಟಲಲ್ಲಿ ತಡೆದು ನುಂಗುವುದರಿಂದ ಕ್ಲಿಂಗನ್‌ನ ಗಂಟಲ ತಡೆ ಅವರಿಗೆ ಸುಲಭ, ಅಷ್ಟೇ. ಹಾಗೆಯೇ ಕ್ಲಿಂಗನ್‌ಗೆ ಒದಗುವ ಧ್ವನಿಗಳಲ್ಲಿ ಸ್ಕಾಟ್ಲೆಂಡಿನವರಿಗೆ ಗಂಟಲ ಖಕಾರ, ವೇಲ್ಸ್‌ನವರಿಗೆ ಸುಯ್ಗುಡುವ ಲಕಾರ ಮನೆಯಿಂದಲೇ ಬಂದಿರುತ್ತವೆ.

ನಿಮಗೂ ಮನೆಯಿಂದ ಬಂದದ್ದಿದೆ. ಕ್ಲಿಂಗನ್‌ನ ಡಕಾರ ನಮ್ಮ ಕನ್ನಡದ ಡಕಾರವೇ. ಷಕಾರವೂ ಹಾಗೆಯೇ, ಶಕಾರ ಮಾಡದೆ ನಾಲಿಗೆ ಮಡಿಸಿ ಹೇಳುವವರಾದರೆ (ನಮ್ಮಲ್ಲೇ ಎಷ್ಟು ಜನ ಹೇಳುತ್ತಾರೆ, ಬಿಡಿ). ಓಕಾರಕ್ಕೆ ‘ಮೊಸೇಯಿಕ್’ ಮರೆತು ‘ಓಡು’ ನೆನೆಯಿರಿ. ಒಂದು ಎಚ್ಚರ: ಡಕಾರಕ್ಕೆ ನಾಲಿಗೆ ಮಡಿಸಿದಂತೆ ಟಕಾರಕ್ಕೂ ಮಡಿಸಬಾರದು; ಅದು ಇಂಗ್ಲಿಷಿನ ಟಕಾರ. ಒಕ್ರಾಂಡ್ ಬೇಕೆಂದೇ ಹೀಗೆ ಜೋಡಿ ತಪ್ಪಿಸಿಟ್ಟಿದ್ದಾರೆ.

ಇನ್ನೊಂದು ಸಂಗತಿ ನಿಮ್ಮ ಗೆಳೆಯರಿಗೂ ಇಷ್ಟವಾದೀತು. 1997ರ ಪುಸ್ತಕದಲ್ಲಿ ಒಕ್ರಾಂಡ್ ಕ್ಲಿಂಗನ್ನರಿಗೂ ಪ್ರಾಂತ್ಯದ ಧಾಟಿಗಳನ್ನು ಕೊಟ್ಟರು. ಕ್ರೋಟ್ಮಾಗ್ ಎಂಬ ಸೀಮೆಯವರು ಬಕಾರವಿದ್ದಲ್ಲಿ ಮಕಾರ ಹೇಳುತ್ತಾರಂತೆ!

ಸದ್ಯಕ್ಕೆ ಒಂದೇ ಧ್ವನಿ ಹಿಡಿಯಿರಿ, ಙಕಾರ. ‘ಅಂಗಳ’ ಎನ್ನಲು ಹೊರಟು ಗಕಾರ ಬರುವ ಮೊದಲೇ ನಿಲ್ಲಿ, ಮೂಗಿನಲ್ಲಿ ಎಳೆಯಿರಿ, ಗಕಾರವಿಲ್ಲದೆ ಮುಂದಿನ ಸ್ವರಕ್ಕೆ ಹೋಗಿ. ಪುಸ್ತಕಕ್ಕಿಂತ ಕಿವಿಯನ್ನು ನಂಬಿ. ಒಕ್ರಾಂಡ್ ಅವರದೇ ಧ್ವನಿಯ ಮುದ್ರಣಗಳಿವೆ. ಕ್ಲಿಂಗನ್ ಲಾಂಗ್ವೇಜ್ ಇನ್‌ಸ್ಟಿಟ್ಯೂಟ್ 1992ರಿಂದ ಕಲಿಯುವವರನ್ನು ಒಂದುಗೂಡಿಸುತ್ತಿದೆ, ಅಲ್ಲಿ ನಾನಾ ಧಾಟಿಗಳವರು ಸಿಗುತ್ತಾರೆ.

ಗುಂಪಿನಲ್ಲಿ ನಿಮಗೆ ಹತ್ತಿರವಾದ ಒಬ್ಬರನ್ನು ಪಕ್ಕಕ್ಕೆ ಕರೆದು, “ತಪ್ಪು ತಿದ್ದು, ಊರಿಗೆ ನಗಬೇಡ” ಎಂದು ನೇರವಾಗಿ ಹೇಳಿ. ಜಗಳದ ದನಿ ಬೇಡ.

ಮೌನ ಈ ಗುಂಪಿನಾಚೆಗೂ ಹಬ್ಬಿದ್ದರೆ, ಅಂದರೆ ತರಗತಿಯಲ್ಲಿ ಪ್ರಶ್ನೆ ಕೇಳಲು, ಫೋನ್ ಎತ್ತಲು ಹಿಂಜರಿಯುತ್ತಿದ್ದರೆ, ಆಪ್ತಸಲಹೆಗಾರರನ್ನು ನೋಡಿ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ವೈದ್ಯರ ಚೀಟಿಯಿಲ್ಲದೆ ನೀವೇ ಹೆಸರು ಕೊಡಬಹುದು. ಆಕ್ಸೆಂಟ್ ಬದಲಿಸಿಕೊಡಿ ಎಂದು ಅವರನ್ನು ಕೇಳಬೇಡಿ. ಮಾತು ನಿಂತದ್ದು ಯಾವಾಗಿನಿಂದ ಎಂಬಲ್ಲಿಂದ ಶುರುಮಾಡಿ.