ಟಿಪ್ಸ್ ಕೌಂಟರಿಗಲ್ಲ, ಕೈಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಒಂದಾದ ಮೇಲೊಂದು ಬರುವ ಊರುಗಳು. ಅಕ್ಕಿ ಗಿರಣಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸವಾದ್ದರಿಂದ ಈ ಊರುಗಳ ಲಾಡ್ಜುಗಳಲ್ಲಿ ಉಳಿದುಕೊಳ್ಳುವುದು ನನಗೆ ರೂಢಿ. ಭತ್ತದ ಸುಗ್ಗಿ ಶುರುವಾದರೆ ಇಲ್ಲಿ ರೂಮು ಸಿಗುವುದೇ ಕಷ್ಟ. ಭತ್ತ ಖರೀದಿಗೆ ಬಂದವರು, ಕಟಾವು ಮಷಿನ್‌ಗಳ ಜೊತೆ ಬಂದವರು, ಬೀಜ-ಗೊಬ್ಬರ ಕಂಪನಿಯವರು, ಹಟ್ಟಿ ಚಿನ್ನದ ಗಣಿಗೆ ಕೆಲಸದ ಮೇಲೆ ಬಂದವರು, ಮದುವೆಗೆ ಬಂದ ಬೀಗರು, ಎಲ್ಲರಿಗೂ ಇವೇ ಲಾಡ್ಜುಗಳು. ಇವರಲ್ಲಿ ಹಲವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ರೂಮಿಗೆ ಚಹಾ, ಊಟ ತಂದುಕೊಡುವ ಹುಡುಗನಿಗೆ ಎಷ್ಟು ಕೊಡಬೇಕು?

ಮೊತ್ತದ ಲೆಕ್ಕ ಮುಂದೆ ಹೇಳುತ್ತೇನೆ. ಮೊದಲು ಹೇಳಬೇಕಾದ್ದು ಇದು: ಹತ್ತು ರೂಪಾಯಿಯಾದರೂ ಸರಿ, ಅದು ಮೆಟ್ಟಿಲು ಹತ್ತಿ ಬಂದವರ ಕೈಗೇ ಮುಟ್ಟಬೇಕು.

ದೊಡ್ಡ ನಗರದ ಹೋಟೆಲುಗಳಲ್ಲಿ ರೂಮ್ ಸರ್ವಿಸ್ ಅಂದರೆ ಕೆಳಗೊಂದು ಅಡುಗೆಮನೆ, ಕೋಣೆಯಲ್ಲೊಂದು ಮೆನು, ಅದರಲ್ಲಿ ಹೊರಗಿಗಿಂತ ಹೆಚ್ಚಿನ ದರ. ತಂದುಕೊಡುವ ಶ್ರಮದ ಬೆಲೆ ಆ ದರದಲ್ಲೇ ಸೇರಿರುತ್ತದೆ. ನಮ್ಮ ಕಡೆಯ ಸಣ್ಣ ಲಾಡ್ಜುಗಳಲ್ಲಿ ಸಾಮಾನ್ಯವಾಗಿ ಅಡುಗೆಮನೆಯೇ ಇರುವುದಿಲ್ಲ. ಹುಡುಗ ಫ್ಲಾಸ್ಕ್ ಹಿಡಿದು ರಸ್ತೆ ದಾಟಿ ಹೋಗಿ ಚಹಾ ತರುತ್ತಾನೆ. ಬೆಳಿಗ್ಗೆ ಮಂಡಕ್ಕಿ ವಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಾನೆ. ರಾತ್ರಿ ಖಾನಾವಳಿಯಿಂದ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು ತರುತ್ತಾನೆ. ಊಟದ ದುಡ್ಡು ಖಾನಾವಳಿಗೆ ಹೋಯಿತು, ಬಾಡಿಗೆ ಮಾಲೀಕರಿಗೆ ಹೋಯಿತು. ಅವನು ಹೋಗಿ ಬಂದದ್ದಕ್ಕೆ ಯಾವ ಬಿಲ್ಲಿನಲ್ಲೂ ಒಂದು ಪೈಸೆ ಇಲ್ಲ. ಹಾಗಾಗಿ ಇಲ್ಲಿ ಟಿಪ್ಸ್ ಕೊಡುವುದನ್ನು ನಾನು ಔದಾರ್ಯ ಅನ್ನುವುದಿಲ್ಲ, ಬಾಕಿ ತೀರಿಸುವುದು ಅನ್ನುತ್ತೇನೆ.

ಸಿಂಧನೂರಿನಲ್ಲಿ ಒಂದು ಬೇಸಿಗೆಯ ರಾತ್ರಿ ಕರೆಂಟು ಹೋಗಿತ್ತು. ನನ್ನ ರೂಮು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಊಟ ತರಲು ಹೋಗಿದ್ದ ಹುಡುಗ ಒಂದು ಕೈಯಲ್ಲಿ ರೊಟ್ಟಿಯ ಕಟ್ಟು, ಹೆಗಲ ಮೇಲೆ ನೀರಿನ ಕ್ಯಾನು, ಬಾಯಲ್ಲಿ ಕಚ್ಚಿಕೊಂಡ ಮೊಬೈಲಿನ ಬೆಳಕಿನಲ್ಲಿ ಮೆಟ್ಟಿಲು ಹತ್ತಿ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಕ್ಯಾನು ಇಳಿಸಿ, ಜೇಬಿನಿಂದ ಉಳಿದ ಚಿಲ್ಲರೆ ತೆಗೆದು ಒಂದೊಂದೇ ನೋಟು ಎಣಿಸಿ ಮೇಜಿನ ಮೇಲಿಟ್ಟ. ಐವತ್ತು ರೂಪಾಯಿ ನಿನಗೆ ಹಾಕಬೇಕು, ಕೆಳಗಿನ ಸ್ಕ್ಯಾನರಿಗೆ ಹಾಕಲೇನಪ್ಪಾ ಅಂತ ಕೇಳಿದೆ.

“ಬ್ಯಾಡ್ರಿ ಸರ್. ಅಲ್ಲಿ ಹಾಕಿದ್ರ ಮಾಲಕರ ಅಕೌಂಟಿಗೆ ಹೋಗ್ತೈತ್ರಿ. ನಮಗ ಬರಂಗಿಲ್ಲ. ಚಿಲ್ಲರ ಇದ್ರ ಕೊಡ್ರಿ, ಇಲ್ಲಾಂದ್ರ ಇರ್ಲಿ ಬಿಡ್ರಿ” ಅಂದ.

ಯುಪಿಐ ಬಂದ ಮೇಲೆ ಕೌಂಟರಿನಲ್ಲಿ ಚಿಲ್ಲರೆ ಜಗಳ ತಪ್ಪಿತು, ನಿಜ. ಆದರೆ ಜೇಬಿನಲ್ಲಿ ಹತ್ತು-ಇಪ್ಪತ್ತರ ನೋಟು ಇಟ್ಟುಕೊಳ್ಳುವ ಅಭ್ಯಾಸ ಹೋಯಿತು. ಚಹಾಕ್ಕೂ ಸ್ಕ್ಯಾನ್, ಬಾಡಿಗೆಗೂ ಸ್ಕ್ಯಾನ್. ಲಾಡ್ಜಿನ ಹುಡುಗರಿಗೆ ಮೊದಲು ಸಿಗುತ್ತಿದ್ದ ಚಿಲ್ಲರೆ ಹೀಗೆ ಕಡಿಮೆಯಾಗಿದೆ ಎಂದು ಮೂರೂ ಊರುಗಳಲ್ಲಿ ಅವರ ಬಾಯಿಂದಲೇ ಕೇಳಿದ್ದೇನೆ.

ಈ ವಿಷಯದಲ್ಲಿ ಕಾನೂನು ಏನನ್ನುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿತು: ಗಿರಾಕಿ ಕೊಡುವ ಟಿಪ್ಸ್ ಮಾಲೀಕ ಕೊಡುವ ಸಂಬಳವಲ್ಲ. ಟಿಪ್ಸ್ ಸಿಗುತ್ತದೆಂಬ ನೆಪದಲ್ಲಿ ತುಟ್ಟಿಭತ್ಯೆಗೆ ಕೈ ಹಾಕುವಂತಿಲ್ಲ. 2016ರಲ್ಲಿ ಐಟಿಸಿ ಪ್ರಕರಣದಲ್ಲಿ ಇದೇ ಕೋರ್ಟಿನ ಮುಂದೆ ಇನ್ನೊಂದು ಪ್ರಶ್ನೆ ಬಂತು. ಗಿರಾಕಿಗಳು ಕಾರ್ಡಿನಲ್ಲಿ ಕೊಟ್ಟ ಟಿಪ್ಸ್ ಹೋಟೆಲಿನ ಖಾತೆಗೆ ಬಂದು ಆಮೇಲೆ ನೌಕರರಿಗೆ ಹಂಚಿಕೆಯಾದರೆ ಅದು ಸಂಬಳವೇ? ಅಲ್ಲ, ಹೋಟೆಲು ಆ ಹಣವನ್ನು ನೌಕರರ ಪರವಾಗಿ ಇಟ್ಟುಕೊಂಡಿರುತ್ತದೆ ಅಷ್ಟೇ ಎಂದು ಕೋರ್ಟ್ ತೀರ್ಮಾನಿಸಿತು. ಆದಾಯ ತೆರಿಗೆಯ ಸಂಬಂಧ ಬಂದ ತೀರ್ಪು ಅದು. ಅದರ ನ್ಯಾಯ ಮಾತ್ರ ನಮ್ಮೂರಿನ ಲಾಡ್ಜಿಗೂ ಸಲ್ಲುತ್ತದೆ. ಹುಡುಗನಿಗೆಂದು ಸ್ಕ್ಯಾನರಿಗೆ ಹಾಕಿದ ಐವತ್ತು ರೂಪಾಯಿ ಮಾಲೀಕರ ಖಾತೆಗೆ ಬಂದರೂ ಮಾಲೀಕರದಾಗುವುದಿಲ್ಲ.

ಇನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸುವ ಸರ್ವಿಸ್ ಚಾರ್ಜ್. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲು, ರೆಸ್ಟೊರೆಂಟುಗಳು ಗಿರಾಕಿಯನ್ನು ಕೇಳದೆ ಇದನ್ನು ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಈ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಅಂಥ ಸಾಲು ಕಂಡರೆ ತೆಗೆಯಿರಿ ಎಂದು ಹೇಳುವ ಹಕ್ಕು ನಿಮಗಿದೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಾಗೆ ತೆಗೆಸಿದ ಹಣದಲ್ಲಿ ಒಂದು ಭಾಗವನ್ನಾದರೂ ಸೇವೆ ಮಾಡಿದವರಿಗೆ ಕೊಟ್ಟು ಬನ್ನಿ.

ಸಮುದ್ರದ ಮೇಲಿನ ಪ್ರವಾಸಿ ಹಡಗುಗಳ ರೀತಿ ಬೇರೆ. ಅಂತರರಾಷ್ಟ್ರೀಯ ಕಂಪನಿಗಳ ಹಲವು ದೊಡ್ಡ ಹಡಗುಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರಿನಷ್ಟು ಟಿಪ್ಸ್ ತಾನಾಗಿಯೇ ಪ್ರಯಾಣಿಕರ ಖಾತೆಗೆ ಬೀಳುತ್ತದೆ. ರೂಮಿಗೆ ಊಟ ತರಿಸಿದರೆ ಹಲವೆಡೆ ಅದಕ್ಕೆ ಬೇರೆ ಶುಲ್ಕ. ದಿನದ ಟಿಪ್ಸ್ ಹಣ ಕೋಣೆ ಚೊಕ್ಕಟ ಮಾಡುವವರಿಂದ ಹಿಡಿದು ಊಟ ಬಡಿಸುವವರ ತನಕ ಹಂಚಿಕೆಯಾಗುತ್ತದೆ. ಇಷ್ಟರ ಮೇಲೂ ರೂಮಿಗೆ ಊಟ ತಂದವರ ಕೈಗೆ ಒಂದೆರಡು ಡಾಲರ್ ಕೊಡುವ ಪ್ರಯಾಣಿಕರಿದ್ದಾರೆ. ನಮ್ಮ ಕಡೆಯ ಕುಟುಂಬಗಳೂ ಈಗ ಮುಂಬಯಿಗೆ ಹೋಗಿ ಹಡಗು ಹತ್ತುತ್ತಿವೆ. ಹೊರಡುವ ಮುಂಚೆ ಟಿಕೆಟಿನಲ್ಲಿ ಟಿಪ್ಸ್ ಸೇರಿದೆಯೇ, ಹಡಗಿನಲ್ಲಿ ಬೇರೆ ಕೊಡಬೇಕೇ ಎಂದು ಏಜೆಂಟರಿಂದ ಬರಹದಲ್ಲಿ ಪಡೆದುಕೊಳ್ಳಿ. ನಾಲ್ಕು ಜನರ ಮನೆಗೆ ನಾಲ್ಕು ದಿನಕ್ಕೆ, ತಲೆಗೆ ದಿನವೊಂದಕ್ಕೆ 16 ಡಾಲರಿನಂತೆ ಹಿಡಿದರೂ 256 ಡಾಲರ್ ಆಗುತ್ತದೆ. ಕಡೆಯ ದಿನ ಬಿಲ್ಲು ನೋಡಿ ಗಾಬರಿಯಾಗುವುದಕ್ಕಿಂತ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡುವುದು ಲೇಸು.

ಹಡಗಿನ ಆ ಪದ್ಧತಿಯಲ್ಲಿ ನಾವು ಕಲಿಯಬೇಕಾದ್ದು ಒಂದಿದೆ. ಅಲ್ಲಿ ಟಿಪ್ಸ್ ಪ್ರಯಾಣದ ಖರ್ಚಿನ ಭಾಗ. ಮನಸ್ಸು ಬಂದರೆ ಕೊಡುವ, ಬಾರದಿದ್ದರೆ ಬಿಡುವ ಬಾಬ್ತು ಅಲ್ಲ. ನಾನೂ ಇದನ್ನು ಹಾಗೆಯೇ ಲೆಕ್ಕ ಹಾಕುತ್ತೇನೆ.

ದಿನಕ್ಕೆ 7,500 ರೂಪಾಯಿವರೆಗಿನ ರೂಮಿನ ಬಾಡಿಗೆಗೆ ಇದ್ದ ಶೇ 12ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಜಿಎಸ್‌ಟಿ ಬಿಲ್ಲು ಕೊಡುವ ಲಾಡ್ಜಿನಲ್ಲಿ ಸಾವಿರ ರೂಪಾಯಿ ಬಾಡಿಗೆಗೆ ಮೊದಲು 120 ರೂಪಾಯಿ ತೆರಿಗೆ ಇತ್ತು, ಈಗ 50. ಉಳಿದದ್ದು 70. ಅದರಲ್ಲಿ ಐವತ್ತು ರೂಪಾಯಿಯನ್ನು ದಿನದ ಟಿಪ್ಸ್ ಎಂದು ತೆಗೆದಿಟ್ಟರೂ ಮೊದಲಿಗಿಂತ ಇಪ್ಪತ್ತು ರೂಪಾಯಿ ಕಡಿಮೆಯೇ ಖರ್ಚು. ಬಾಡಿಗೆಯ ನೂರಕ್ಕೆ ಐದು ರೂಪಾಯಿ, ಇದು ನಾನು ಪಾಲಿಸುವ ಲೆಕ್ಕ.

ಅದನ್ನು ಹಂಚುವುದು ಹೀಗೆ. ಚಹಾ, ತಿಂಡಿ ತಂದರೆ ಹತ್ತು ರೂಪಾಯಿ. ಊಟ ತಂದರೆ ಇಪ್ಪತ್ತು. ಅಪರಾತ್ರಿ ಮಾತ್ರೆ ತರಲು ಕಳಿಸಿದರೆ, ಭಾರದ ಚೀಲ ಮೂರನೇ ಮಹಡಿಗೆ ಹೊರಿಸಿದರೆ ಐವತ್ತು, ಅದು ದಿನದ ಲೆಕ್ಕದ ಹೊರಗೆ. ಮದುವೆಗೆಂದು ನಾಲ್ಕಾರು ರೂಮು ಹಿಡಿದು ದಿನವಿಡೀ ಹುಡುಗರನ್ನು ಓಡಾಡಿಸುವವರು ರೂಮಿಗೆ ನೂರರಂತೆ ಕೊಟ್ಟರೆ ಚೆನ್ನ. ಕೊಡುವುದನ್ನು ಅಂದಂದೇ ಕೊಟ್ಟುಬಿಡಿ. ರಾತ್ರಿ ಪಾಳಿಯಲ್ಲಿ ನಿಮಗಾಗಿ ಓಡಾಡಿದವನು ಬೆಳಿಗ್ಗೆ ನೀವು ರೂಮು ಖಾಲಿ ಮಾಡುವಾಗ ಮನೆಯಲ್ಲಿ ಮಲಗಿರುತ್ತಾನೆ. ನಿಮ್ಮ ನೂರರ ನೋಟು ಬಾಗಿಲಲ್ಲಿ ನಿಂತ ಇನ್ಯಾರಿಗೋ ಸೇರುತ್ತದೆ. ಸ್ವಂತ ನಂಬರಿದ್ದವರಿಗೆ ಕೇಳಿ ಫೋನ್‌ಪೇ ಮಾಡಬಹುದು. ಇಲ್ಲದಿದ್ದರೆ ನೋಟೇ ಆಗಬೇಕು. ಊರು ಬಿಡುವ ಮುಂಚೆ ಇನ್ನೂರು ರೂಪಾಯಿಗೆ ಹತ್ತು, ಇಪ್ಪತ್ತರ ನೋಟು ಮಾಡಿಸಿಕೊಳ್ಳಿ.

ಎಲ್ಲರೂ ಮರೆಯುವವರು ಒಬ್ಬರಿದ್ದಾರೆ, ರೂಮು ಕಸ ಹೊಡೆದು ನೆಲ ಒರೆಸುವ ಅಕ್ಕ. ನಾವು ಕೆಲಸಕ್ಕೆ ಹೋದ ಮೇಲೆ ಬರುತ್ತಾರೆ, ನಾವು ತಿರುಗಿ ಬರುವಷ್ಟರಲ್ಲಿ ಹೋಗಿರುತ್ತಾರೆ. ಲಿಂಗಸುಗೂರಿನ ಒಂದು ಲಾಡ್ಜಿನಲ್ಲಿ ಹಾಸಿಗೆಯ ಮೇಲೆ ಇಟ್ಟುಹೋದ ಇಪ್ಪತ್ತು ರೂಪಾಯಿ ಸಂಜೆ ಅಲ್ಲೇ ಇತ್ತು, ಹಾಸಿಗೆ ಮಾತ್ರ ನೀಟಾಗಿ ಹಾಸಿತ್ತು. ಮರುದಿನ ಕೇಳಿದೆ. “ಗಿರಾಕಿ ರೊಕ್ಕ ಮುಟ್ಟಿದ್ರ ಕಳವು ಅಂದಾರು ಅಂತ ಅಂಜಿಕೆರಿ ಅಣ್ಣಾರ” ಅಂದರು. ಕೈಯಲ್ಲೇ ಕೊಡಿ, ಇಲ್ಲವೇ ‘ಕಸ ಹೊಡೆಯುವ ಅಕ್ಕನಿಗೆ’ ಎಂದು ಚೀಟಿ ಬರೆದಿಟ್ಟು ಕೌಂಟರಿನಲ್ಲೂ ಹೇಳಿ ಹೋಗಿ.

ಚಹಾ ತಂದವನು ತೀರ ಚಿಕ್ಕ ಹುಡುಗನಾಗಿದ್ದರೆ ಟಿಪ್ಸ್ ಕೊಟ್ಟು ಸಮಾಧಾನ ಮಾಡಿಕೊಳ್ಳಬೇಡಿ. 14 ವರ್ಷ ತುಂಬದ ಮಕ್ಕಳನ್ನು ಲಾಡ್ಜು, ಹೋಟೆಲುಗಳಲ್ಲಿ ದುಡಿಸುವುದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡಿ. ಆ ಮಗುವಿಗೆ ಬೇಕಾದ್ದು ಶಾಲೆ.

ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನದಿಂದ ‘ದೇವಾನಾಂಪ್ರಿಯ’ ಎಂಬ ದೊರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾಯಿತು. ಅದನ್ನು ನೋಡಲು ದೂರದಿಂದ ಬಂದು ಈ ಲಾಡ್ಜುಗಳಲ್ಲಿ ಇಳಿದುಕೊಳ್ಳುವವರಿದ್ದಾರೆ. ಅದೇ ಅಶೋಕ ತನ್ನ ಒಂಬತ್ತನೇ ಬಂಡೆ ಶಾಸನದಲ್ಲಿ ಮಂಗಳಕಾರ್ಯಗಳ ಮಾತೆತ್ತಿ, ದಾಸರನ್ನೂ ಆಳುಗಳನ್ನೂ ಸರಿಯಾಗಿ ನಡೆಸಿಕೊಳ್ಳುವುದು ಧರ್ಮದ ಮಂಗಳ ಎಂದು ಬರೆಸಿದ್ದಾನೆ. ಶಾಸನ ನೋಡಿ ಬಂದವರು ರೂಮಿಗೆ ನೀರು ತಂದವರ ಮುಖ ನೋಡಿ ಮಾತಾಡಿಸಿದರೆ ಆ ಪ್ರಯಾಣ ಸಾರ್ಥಕ.

ಮಾಲೀಕರಲ್ಲಿ ಒಂದು ಕೋರಿಕೆ: ಕೌಂಟರಿನ ಸ್ಕ್ಯಾನರಿನ ಪಕ್ಕದಲ್ಲಿ ನೌಕರರದೇ ಖಾತೆಗೆ ಹೋಗುವ ಇನ್ನೊಂದು ಸ್ಕ್ಯಾನರ್ ಅಂಟಿಸಿ, ಸಂಬಳವನ್ನು ಟಿಪ್ಸ್ ನಂಬಿ ಇಳಿಸಬೇಡಿ. ಓದುಗರಲ್ಲಿ ಇನ್ನೊಂದು: ಮುಂದಿನ ಸಲ ಲಾಡ್ಜಿನ ಬಾಡಿಗೆ ವಿಚಾರಿಸುವಾಗಲೇ ನೂರಕ್ಕೆ ಐದು ರೂಪಾಯಿ ಸೇರಿಸಿ ಲೆಕ್ಕ ಹಾಕಿ, ಅದನ್ನು ದುಡಿದವರ ಕೈಗೆ ಅಂದೇ ಮುಟ್ಟಿಸಿ.