ಬಿಲ್ಲಿನಲ್ಲಿ ಬರೆಯದೆ ಉಳಿದ ಸಾಲ

ಗೃಹಕೃತ್ಯದ ಪಾಠಗಳಲ್ಲಿ ಜಮಾಖರ್ಚಿನ ವಹಿಗೆ ಎಷ್ಟು ಮಹತ್ವವಿರುವದೆಂಬದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ತಿಳಿಯದ ಮಾತಲ್ಲ. ಬಂದ ಹಣವನ್ನು ಒಂದು ಕಡೆಗೂ ವೆಚ್ಚವಾದುದನ್ನು ಮತ್ತೊಂದು ಕಡೆಗೂ ಬರೆದು, ತಿಂಗಳ ಕೊನೆಗೆ ಶಿಲ್ಕನ್ನು ತೆಗೆಯುವ ರೂಢಿಯನ್ನು ಅನೇಕರು ತಾವು ಸೇರಿದ ಮನೆಗಳಲ್ಲಿಯೂ ನಡಿಸಿಕೊಂಡು ಬಂದಿರುವರು. ಆದರೆ ಒಂದು ಬಗೆಯ ಸಾಲವು ಈ ವಹಿಯಲ್ಲಿ ಎಂದಿಗೂ ಕಾಣಿಸಿಕೊಳ್ಳುವದಿಲ್ಲ. ಕಿರಾಣಿ ಅಂಗಡಿಯ ಉದ್ರಿಯನ್ನು ಅಂಗಡಿಯವನು ಬರೆದಿಟ್ಟುಕೊಳ್ಳುವನು. ಸಂಘದ ಸಾಲವು ಸಂಘದ ಪುಸ್ತಕದಲ್ಲಿರುವದು. ಬಡ್ಡಿಯವನಂತೂ ಮರೆಯುವವನೇ ಅಲ್ಲ. ಮೀಟರಿಗೆ ತಿಳಿಯದಂತೆ ಮನೆಯೊಳಗೆ ತಂದುಕೊಂಡ ವಿದ್ಯುತ್ತನ್ನು ಮಾತ್ರ ಕೊಟ್ಟವನೂ ಬರೆದಿಲ್ಲ, ಕೊಂಡವನೂ ಬರೆದಿಲ್ಲ. ಇಂಥ ಸಾಲವನ್ನು ವಹಿಗೆ ತಂದು ತೀರಿಸುವದು ಹೇಗೆಂಬದನ್ನು ಇಲ್ಲಿ ವಿಚಾರಿಸುವೆವು.

ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಬಿಲ್ಲನ್ನು ಕಟ್ಟಲಾರದೆ ಬಾಕಿ ಉಳಿಸಿಕೊಳ್ಳುವದು ಬಡತನ. ಬಿಲ್ಲೇ ಕಡಿಮೆ ಬರುವಂತೆ ಮಾಡುವದು ಬೇರೆ. ಕಾಯಿದೆಯು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದಿಲ್ಲ. 2003ನೆಯ ವಿದ್ಯುತ್ ಕಾಯಿದೆಯ 56ನೆಯ ಕಲಮಿನ ಮೇರೆಗೆ ಬಾಕಿದಾರನಿಗೆ ಪೂರ್ತಿ 15 ದಿನಗಳ ಲಿಖಿತ ನೋಟೀಸು ಕೊಡದೆ ಅವನ ದೀಪವನ್ನು ಕಡಿಯಲು ಬರುವದಿಲ್ಲ. ಮೀಟರನ್ನು ಕೆಡಿಸಿದವನಿಗಾಗಲಿ, ಅದನ್ನು ತಪ್ಪಿಸಿ ತಂತಿ ಎಳೆದವನಿಗಾಗಲಿ ಈ ಅವಕಾಶವಿಲ್ಲ. ಕಳವು ಕಂಡ ಕೂಡಲೆ ಕಡಿಯಬಹುದು. ಆದದರಿಂದ ಬಾಕಿಗೆ ನಾಚಿಕೊಂಡು ಕಳವಿಗೆ ಇಳಿಯುವದೆಂದರೆ ಜ್ವರಕ್ಕೆ ಹೆದರಿ ಬಾವಿಗೆ ಬಿದ್ದಂತೆಯೇ ಸರಿ.

ನಮ್ಮ ಸೀಮೆಯ ಮನೆಗಳಿಗೆ ಹಣದ ಅಡಚಣೆ ಹೊಸದಲ್ಲ. ಮುಂಡರಗಿ ಶಿರಹಟ್ಟಿಗಳ ಒಕ್ಕಲಿಗರು ಮಳೆಯನ್ನು ನಂಬಿದವರು. 2023ರಲ್ಲಿ ರಾಜ್ಯದ 236 ತಾಲೂಕುಗಳೊಳಗೆ 223 ಬರಪೀಡಿತವೆಂದು ಸಾರಲ್ಪಟ್ಟವು. ಬೆಟಗೇರಿಯ ನೇಕಾರರಿಗೆ ಮಳೆಗಿಂತ ನೂಲಿನ ಭಯ ಹೆಚ್ಚು. 2020ರ ಲಾಕ್‌ಡೌನಿನಲ್ಲಿ ನೇಯ್ದ ಸೀರೆ ಮನೆಯಲ್ಲಿಯೇ ಉಳಿಯಿತು. 2022ರಲ್ಲಿ ಹತ್ತಿಯ ಬೆಲೆ ಎಂದೂ ಕಾಣದಷ್ಟು ಏರಿದ್ದರಿಂದ ನೂಲು ಕೈಗೆ ಎಟುಕದಂತಾಯಿತು. ಇಂಥ ದಿನಗಳಲ್ಲಿ ಅಕ್ಕಿ ಜೋಳವನ್ನು ಬಿಡಲಾಗದು, ಮಕ್ಕಳ ಫೀಯನ್ನು ಬಿಡಲಾಗದು. ಕಣ್ಣಿಗೆ ಕಾಣದ ವಸ್ತುವಿನ ಬಿಲ್ಲಿನ ಮೇಲೆಯೇ ಮನುಷ್ಯನ ಕಣ್ಣು ಮೊದಲು ಬೀಳುವದು.

ಪಾಠಕ್ಕಾಗಿ ಬೆಟಗೇರಿಯಲ್ಲಿ ಕೈಮಗ್ಗದ ಒಂದು ಮನೆಯನ್ನು ಕಲ್ಪಿಸಿಕೊಳ್ಳುವಾ. ಅತ್ತೆ, ಮಾವ, ಮಗ, ಸೊಸೆ, ಎರಡು ಮಕ್ಕಳು. ನೂಲು ತರಲು ಸಾಲವಾಗಿ, ವಾರದ ಬಡ್ಡಿ ತಲೆಗೆ ಬಂದಾಗ, ಯಾರೋ ಪರಿಚಯದವನು ಬಂದು ಮೀಟರಿನ ಹಿಂದೆ ಒಂದು ತಂತಿಯನ್ನು ಕೂಡಿಸಿ ಹೋದನು. 2022ರ ಜೂನದಿಂದ 2023ರ ಮಾರ್ಚದ ವರೆಗೆ ಹತ್ತು ತಿಂಗಳು ಹೀಗೆ ನಡೆಯಿತು. ಕೈ ಸ್ವಲ್ಪ ಸಡಿಲಾದ ಮೇಲೆ ಮಗನು ತಾನೇ ಅದನ್ನು ಕಿತ್ತುಹಾಕಿಸಿದನು. ಸೊಸೆಗೆ ಇದಾವದೂ ಗೊತ್ತಿರಲಿಲ್ಲ. ಆದರೆ ಆಕೆಯು ಬಿಲ್ಲುಗಳನ್ನು ವಹಿಗೆ ಅಂಟಿಸಿಡುವ ರೂಢಿಯವಳು. ಒಂದು ದಿನ ಹಿಂದಿನ ಹಾಳೆಗಳನ್ನು ತಿರುವಿ ಹಾಕುತ್ತಿರುವಾಗ, ತಿಂಗಳಿಗೆ 110 ಯೂನಿಟ್ಟು ಇದ್ದದ್ದು ಹತ್ತು ತಿಂಗಳು 50ಕ್ಕೆ ಇಳಿದು ಮತ್ತೆ 110ಕ್ಕೆ ಏರಿರುವದನ್ನು ಕಂಡಳು. ಮನೆಯಲ್ಲಿ ದೀಪಗಳೂ ಅವೇ, ಫ್ಯಾನುಗಳೂ ಅವೇ. ಕೇಳಿದಾಗ ಸಂಗತಿ ಹೊರಬಿತ್ತು.

ಇನ್ನು ಲೆಕ್ಕ. ತಿಂಗಳಿಗೆ 60 ಯೂನಿಟ್ಟಿನಂತೆ ಹತ್ತು ತಿಂಗಳಿಗೆ 600 ಯೂನಿಟ್ಟು. ಆ ವರುಷದ ದರವು ಹಂತ ಹಂತವಾಗಿ ಇದ್ದುದರಿಂದ ನಿಜವಾದ ಮೊತ್ತವನ್ನು ಕಚೇರಿಯವರೇ ತೆಗೆಯತಕ್ಕದ್ದು. ಪಾಠದ ಸೌಕರ್ಯಕ್ಕಾಗಿ ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 3,600 ರೂಪಾಯಿ ಆಗುವದು. ಹತ್ತು ತಿಂಗಳ ಅಂಜಿಕೆಗೆ ಸಿಕ್ಕ ಕೂಲಿ ಇಷ್ಟೇ.

ಅದೂ ಉಳಿಯಲಿಲ್ಲವೆಂಬದು ಇಲ್ಲಿಯ ವಿಚಿತ್ರ. 2023ರ ಜುಲೈ ತಿಂಗಳಿನ ಬಳಕೆಯಿಂದ ನಮ್ಮ ಸರಕಾರವು ಗೃಹಜ್ಯೋತಿ ಯೋಜನೆಯನ್ನು ಆರಂಭಿಸಿತು. ಒಂದು ಮನೆಗೆ ಎಷ್ಟು ಯೂನಿಟ್ಟು ಉಚಿತವೆಂಬದನ್ನು, 200 ಯೂನಿಟ್ಟುಗಳ ಮಿತಿಯೊಳಗೆ, ಆ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ನೂರಕ್ಕೆ 10 ಕೂಡಿಸಿ ಗೊತ್ತುಮಾಡಲಾಯಿತು. ನಮ್ಮ ಈ ಮನೆಯು ಮೀಟರಿನಲ್ಲಿ ಸರಿಯಾಗಿ ತೋರಿಸಿದ್ದರೆ ಸರಾಸರಿ 110, ಉಚಿತ 121 ಆಗಿ, ಬಿಲ್ಲು ಶೂನ್ಯವಾಗುತ್ತಿತ್ತು. ಆದರೆ ಎರಡು ತಿಂಗಳು 110, ಹತ್ತು ತಿಂಗಳು 50 ಎಂದು ದಾಖಲಾದ್ದರಿಂದ ಸರಾಸರಿಯು 60ಕ್ಕೆ ಇಳಿದು, ಉಚಿತವು 66 ಯೂನಿಟ್ಟಿಗೆ ನಿಂತಿತು. 110 ಉರಿಸುವ ಮನೆಯು ಉಳಿದ 44 ಯೂನಿಟ್ಟಿಗೆ ಪ್ರತಿ ತಿಂಗಳೂ ಹಣ ತೆರಬೇಕು. ತೆರಿಗೆಯನ್ನು ಬಿಟ್ಟು ಅದೇ 6 ರೂಪಾಯಿಯ ದರದಿಂದ ಎಣಿಸಿದರೆ ತಿಂಗಳಿಗೆ 264 ರೂಪಾಯಿ. ಹದಿನಾಲ್ಕು ತಿಂಗಳೊಳಗಾಗಿ ಆ 3,600 ಕರಗಿಹೋಯಿತು.

ಸೊಸೆಯು ಈ ಲೆಕ್ಕವನ್ನು ಅತ್ತೆಯ ಮುಂದಿಟ್ಟಳೆಂದು ತಿಳಿಯಿರಿ. "ಮುಗದದ್ದನ್ನ ಯಾಕ ಕೆದಕತೀಯವ್ವಾ?" ಎಂದು ಅತ್ತೆಯು ಅನ್ನುವದು ಸ್ವಾಭಾವಿಕ. "ಮುಗದಿಲ್ಲರೀ ಅತ್ತಿ, ತಿಂಗಳಾ ತಿಂಗಳಾ ಇನ್ನೂ ಕಟ್ಟಾಕ ಹತ್ತೇವಿ" ಎಂಬದು ಆಕೆಯ ಉತ್ತರ. ನಷ್ಟವಾಯಿತಷ್ಟೇ, ಅದರಿಂದ ಸಾಲವು ತೀರಿದಂತಾಯಿತಲ್ಲ ಎಂದು ಯಾರಾದರೂ ವಾದಿಸಬಹುದು. ನಾವು ಒಪ್ಪುವದಿಲ್ಲ. ಈಗ ಕಟ್ಟುತ್ತಿರುವದು ಈಗ ಉರಿಸಿದ ವಿದ್ಯುತ್ತಿಗೆ. ಅಂದು ಉರಿಸಿದ 600 ಯೂನಿಟ್ಟು ಇನ್ನೂ ಯಾರ ವಹಿಯಲ್ಲಿಯೂ ಇಲ್ಲ.

ಅದನ್ನು ತೆತ್ತವರು ಯಾರು? "ಕಂಪನಿಯ ಹಣ, ಅವರಿಗೇನು ಕಡಿಮೆ?" ಎಂಬ ಮಾತನ್ನು ಓಣಿಯಲ್ಲಿ ಕೇಳುವೆವು. ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ, 2002ರಲ್ಲಿ ಸ್ಥಾಪಿತವಾದ ಸರಕಾರೀ ಕಂಪನಿ. ಗದಗ ಮೊದಲಾದ ಏಳು ಜಿಲ್ಲೆಗಳಿಗೆ ವಿದ್ಯುತ್ತನ್ನು ಹಂಚುವದು. ಅದು ವಿದ್ಯುತ್ತನ್ನು ಕೊಂಡು ತಂದು ಮಾರುವದು. ತಂದದ್ದಕ್ಕೂ ಬಿಲ್ಲಾದದ್ದಕ್ಕೂ ನಡುವೆ ಉಳಿಯುವ ಅಂತರದಲ್ಲಿ ಒಂದು ಪಾಲನ್ನು ದರ ಗೊತ್ತುಮಾಡುವ ಆಯೋಗವು ಎಲ್ಲ ಗ್ರಾಹಕರ ದರದೊಳಗೆ ಸೇರಿಸಲು ಒಪ್ಪುವದು. ಹೀಗಾಗಿ ಆ ಮನೆಯ ಹಣವನ್ನು ಒಂದೊಂದು ಪೈಯಾಗಿ ತೆತ್ತವರಲ್ಲಿ ಪಕ್ಕದ ಮನೆಯ ಮುದುಕಿಯೂ ಇರುವಳು. ಉಚಿತವಾದ ವಿದ್ಯುತ್ತಿಗೂ ಸರಕಾರವು ಬೊಕ್ಕಸದಿಂದ ಕಂಪನಿಗೆ ಹಣ ತುಂಬಬೇಕಾಗುವದು. 200 ಯೂನಿಟ್ಟು ದಾಟಬಾರದೆಂದು ಮೀಟರನ್ನು ಮರೆಮಾಡುವವರಾಗಲಿ, ಮನೆಯ ಮೀಟರಿನಿಂದಲೇ ಪಡಸಾಲೆಯ ಅಂಗಡಿಯನ್ನೋ ಗಿರಣಿಯನ್ನೋ ನಡಿಸುವವರಾಗಲಿ ಇದನ್ನು ಯೋಚಿಸಲಿ. ಮನೆಗೆಂದು ಕೊಟ್ಟ ವಿದ್ಯುತ್ತನ್ನು ಬೇರೆ ಉಪಯೋಗಕ್ಕೆ ತಿರುಗಿಸುವದೂ ಕಾಯಿದೆಗೆ ವಿರೋಧವೇ. 126ನೆಯ ಕಲಮಿನ ಮೇರೆಗೆ ಅದಕ್ಕೆ ದರದ ಎರಡು ಪಟ್ಟು ಆಕಾರವಾಗುವದು.

ಕಳವಿನ ವಿಷಯದಲ್ಲಿ ಕಾಯಿದೆಯು ಹೇಳುವದನ್ನು ಮುಚ್ಚದೆ ತಿಳಿಸುವದು ನಮ್ಮ ಕರ್ತವ್ಯ. 135ನೆಯ ಕಲಮಿನ ಮೇರೆಗೆ ಅದು ಮೂರು ವರುಷಗಳ ವರೆಗೆ ಸೆರೆಮನೆ, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದಾದ ಅಪರಾಧ. 10 ಕಿಲೋವ್ಯಾಟಿಗೆ ಮೀರದ ಭಾರವಾದರೆ ಮೊದಲನೆಯ ಸಾರಿಗೆ ದಂಡವು ಪಡೆದ ಲಾಭದ ಮೂರು ಪಟ್ಟಿಗೆ ಕಡಿಮೆಯಿರಕೂಡದು. ನಮ್ಮ ಲೆಕ್ಕದಲ್ಲಿ 10,800 ರೂಪಾಯಿ. ವಿದ್ಯುತ್ತಿನ ಬೆಲೆಯನ್ನು 154ನೆಯ ಕಲಮಿನ ಮೇರೆಗೆ ವಿಶೇಷ ನ್ಯಾಯಾಲಯವು ದರದ ಎರಡು ಪಟ್ಟಿಗೆ ಕಡಿಮೆಯಾಗದಂತೆ ಗೊತ್ತುಮಾಡುವದು, ಅದು 7,200. ಇದರ ಸಂಗಡ 152ನೆಯ ಕಲಮು ಒಂದು ಬಾಗಿಲನ್ನೂ ತೆರೆದಿಟ್ಟಿದೆ. ಗೊತ್ತಾದ ಹಣವನ್ನು ತುಂಬಿ ಅಪರಾಧವನ್ನು ರಾಜಿಯಿಂದ ಮುಗಿಸಿಕೊಳ್ಳಬಹುದು. ಆಮೇಲೆ ಆ ಅಪರಾಧದ ಬಗ್ಗೆ ಖಟ್ಲೆ ನಡೆಯುವದಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಈ ಬಾಗಿಲು ಒಂದೇ ಸಾರಿ ತೆರೆಯುವದು. ತಾನಾಗಿ ಬಂದು ಹೇಳಿಕೊಂಡವನಿಗೆ ಮಾಫಿಯುಂಟೆಂದು ಕಾಯಿದೆಯಲ್ಲಿ ಬರೆದಿಲ್ಲ. ಅಂಥ ಆಶೆಯನ್ನು ನಾವು ಯಾರಿಗೂ ತೋರಿಸುವದಿಲ್ಲ.

ಈ ಕಾರಣದಿಂದಲೇ ಅರ್ಜಿ ಬರೆಯುವದಕ್ಕಿಂತ ಮುಂಚೆ ವಕೀಲರ ಸಲಹೆ ಬೇಕು. ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನ ಪ್ರಕಾರ ಸ್ತ್ರೀಯರಿಗೆ, ಅವರ ಆದಾಯವೆಷ್ಟೇ ಇರಲಿ, ಉಚಿತ ನೆರವು ದೊರೆಯುವದು. ಗದಗದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೆ 15100 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಅನೇಕ ಸುಶಿಕ್ಷಿತ ಸ್ತ್ರೀಯರಿಗೂ ಈ ಹಕ್ಕು ತಮಗಿದೆಯೆಂಬದು ತಿಳಿಯದಿರುವದು ಖೇದದ ಸಂಗತಿ.

ತಂತಿಯು ಇನ್ನೂ ಇರುವ ಮನೆಯಾಗಿದ್ದರೆ ಅದನ್ನು ಬಳಸುವದನ್ನು ಆ ದಿನವೇ ನಿಲ್ಲಿಸಬೇಕು. ಆದರೆ ಮನೆಯವರು ಕೈಹಾಕಿ ಕೀಳಬಾರದು. ಮೀಟರಿನ ಹಿಂದಿನ ತಂತಿಯಲ್ಲಿ ಮೇನ್ ಸ್ವಿಚ್ಚನ್ನು ಆರಿಸಿದರೂ ವಿದ್ಯುತ್ತು ಹರಿಯುತ್ತಲೇ ಇರುವದು. ತಂತಿಯನ್ನು ಕೂಡಿಸಿದವನೇ ಬಿಚ್ಚಲಿ ಎಂದು ಅವನನ್ನು ಕರೆಯುವದೂ ಸಲ್ಲದು. ವಕೀಲರಿಗೆ ತಿಳಿಸಿ, ಕಚೇರಿಯ ಮೂಲಕ ಕೆಲಸಗಾರರನ್ನು ಕರೆಯಿಸಬೇಕು. ಕಿಡಿ ಹಾರುವದು, ಗೋಡೆಯು ಜುಮ್ಮೆನ್ನುವದು ಕಂಡರೆ ಮಾತ್ರ ಯಾವದನ್ನೂ ಕಾಯದೆ 1912ಕ್ಕೆ ಹೇಳಬೇಕು. ಜೀವಕ್ಕಿಂತ ದಂಡವು ದೊಡ್ಡದಲ್ಲ.

ಅರ್ಜಿಯನ್ನು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರರಿಗೆ, ಮೀಟರು ಯಾರ ಹೆಸರಿನಲ್ಲಿದೆಯೋ ಅವರ ರುಜುವಿನಿಂದ ಬರೆಯುವದು. ನಮ್ಮ ದೃಷ್ಟಾಂತದ ಮನೆಯಲ್ಲಿ ಅದು ಮಾವನ ಹೆಸರು. ಆದದರಿಂದ ಸೊಸೆಯೊಬ್ಬಳೇ ಗುಟ್ಟಾಗಿ ಹೋಗಿ ಮುಗಿಸಿ ಬರುವ ಕೆಲಸ ಇದಲ್ಲ. ಬರವಣಿಗೆಯಲ್ಲಿ ಅಳುವೂ ಬೇಡ, ನೆರೆಯವರ ಹೆಸರೂ ಬೇಡ. ವಕೀಲರು ಒಪ್ಪಿದರೆ ಇಷ್ಟು ಸಾಕು:

"ನಮ್ಮ ಮನೆಯ ಆರ್.ಆರ್. ನಂಬರಿನ ಮೀಟರಿನಲ್ಲಿ 2022ರ ಜೂನದಿಂದ 2023ರ ಮಾರ್ಚದ ವರೆಗೆ ನಿಜವಾದ ಬಳಕೆಯು ದಾಖಲಾಗಿರುವದಿಲ್ಲ. ಹಿಂದಿನ ಮತ್ತು ಮುಂದಿನ ಬಿಲ್ಲುಗಳಿಂದ ನೋಡಿದರೆ ತಿಂಗಳಿಗೆ ಸುಮಾರು 60 ಯೂನಿಟ್ಟು ಕಡಿಮೆ ಬಂದಿದೆ. ಬಿಲ್ಲುಗಳ ಪ್ರತಿಗಳನ್ನು ಲಗತ್ತಿಸಿದ್ದೇವೆ. ತಾವು ಪರೀಕ್ಷಿಸಿ, ನಾವು ತುಂಬತಕ್ಕ ಹಣವನ್ನು ಗೊತ್ತುಮಾಡಿ, ಕಂತುಗಳಲ್ಲಿ ತುಂಬಲು ಅಪ್ಪಣೆ ಕೊಡಬೇಕೆಂದು ಬೇಡುತ್ತೇವೆ."

ಎರಡು ಪ್ರತಿಗಳನ್ನು ಮಾಡಿ ಒಂದರ ಮೇಲೆ ಕಚೇರಿಯ ಮುದ್ರೆಯನ್ನೂ ತಾರೀಖನ್ನೂ ಹಾಕಿಸಿಕೊಳ್ಳಬೇಕು. ಹಣವನ್ನು ಕೌಂಟರಿನಲ್ಲಿ ರಸೀದಿಯ ಮೇಲೆಯೇ ತುಂಬುವದು. "ಇಲ್ಲಿಯೇ ಕೊಟ್ಟುಬಿಡಿರಿ, ನಾನು ನೋಡಿಕೊಳ್ಳುವೆನು" ಎಂದು ಬಾಗಿಲಿಗೆ ಬಂದು ಹೇಳುವವನ ಕೈಗೆ ಒಂದು ರೂಪಾಯಿಯನ್ನೂ ಕೊಡಬಾರದು. ಒಂದು ಸುಳ್ಳನ್ನು ತಿದ್ದಲು ಹೋಗಿ ಎರಡು ಮಾಡಿದಂತಾಗುವದು.

ಕಚೇರಿಯ ಗೊಡವೆ ಬೇಡ, ಅಷ್ಟೇ ಹಣವನ್ನು ಗುಡಿಯ ಹುಂಡಿಗೋ ಗುರುವಾರದ ಅನ್ನದಾನಕ್ಕೋ ದೇವಾಲಯದ ಕಾಣಿಕೆಯ ಚೀಲಕ್ಕೋ ಹಾಕಿದರೆ ಸಾಲದೇ ಎಂದು ಕೇಳುವವರುಂಟು. ಬಸವಣ್ಣನವರ ಕಾಲದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಸೀಮೆಯವರೆಲ್ಲರೂ ಕೇಳಿರುವರು. ಗಂಡನಾದ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದನು. ಮನೆಗೆ ದಿನಕ್ಕೆ ಎಷ್ಟು ಬೇಕೆಂಬದನ್ನು ಬಲ್ಲ ಆಕೆಯು ಹೆಚ್ಚಾದುದನ್ನು ಕಂಡ ಕೂಡಲೆ ಗುರುತಿಸಿದಳು. ಆ ಹೆಚ್ಚಿನ ಅಕ್ಕಿಯಿಂದ ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದಾಗಿತ್ತು. ಅದು ಪುಣ್ಯವೆಂದೂ ಎನಿಸಿಕೊಳ್ಳುತ್ತಿತ್ತು. ಆಕೆಯು ಹಾಗೆ ಮಾಡದೆ ತಂದಲ್ಲಿಯೇ ಸುರಿದು ಬರಹೇಳಿದಳು. ಮೋಶೆಯ ಧರ್ಮಶಾಸ್ತ್ರವೂ ಅನ್ಯಾಯದಿಂದ ಪಡೆದುದನ್ನು ಐದನೆಯ ಒಂದು ಪಾಲು ಕೂಡಿಸಿ, ಯಾರಿಗೆ ಅನ್ಯಾಯವಾಯಿತೋ ಅವರಿಗೇ ಕೊಡಬೇಕೆಂದು ವಿಧಿಸುವದು; ಲೂಕನ ಸುವಾರ್ತೆಯಲ್ಲಿಯ ಸುಂಕದ ಜಕ್ಕಾಯನು ನಾಲ್ಕರಷ್ಟು ಕೊಡುವೆನೆಂದನು. ದಾನವು ದಾನವೇ. ಸಾಲಗಾರನ ಹೆಸರಿಗೆ ಜಮೆಯಾಗದ ಹಣದಿಂದ ಸಾಲವು ತೀರುವದಿಲ್ಲ.

ಇಷ್ಟು ಹಣವನ್ನು ಎಲ್ಲಿಂದ ತರುವದೆಂಬದೇ ಕೊನೆಯ ತೊಡಕು. ಅದೇ ವಾರದ ಬಡ್ಡಿಯವನ ಬಳಿಗೆ ಹೋದರೆ ಮುಂದಿನ ವರುಷ ಮತ್ತೆ ತಂತಿಯೇ ಗತಿಯಾದೀತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಸಹಕಾರ ಸಂಘವು ಹಿಂದುಸ್ಥಾನದಲ್ಲಿಯೇ ಮೊದಲನೆಯದೆಂದು ಹೆಸರಾದದ್ದು. ಸಾಹುಕಾರನ ಮನೆಯಲ್ಲಿ ಒಬ್ಬನೇ ತಲೆತಗ್ಗಿಸಿ ಮಾಡುವ ಸಾಲಕ್ಕೆ ಬದಲಾಗಿ, ಊರವರೆಲ್ಲರಿಗೆ ತಿಳಿದು, ಪುಸ್ತಕದಲ್ಲಿ ಬರೆದು ಮಾಡುವ ಸಾಲವನ್ನು ಈ ಸೀಮೆಯವರು ಅಷ್ಟು ಹಿಂದೆಯೇ ಕಲಿತಿದ್ದರು. 2000-01ರಿಂದ ನಮ್ಮ ರಾಜ್ಯದಲ್ಲಿ ನಡೆದುಬಂದ ಸ್ತ್ರೀಶಕ್ತಿ ಸಂಘಗಳ ಉಳಿತಾಯ ಮತ್ತು ಸಾಲಗಳೂ ಅದೇ ಮಾರ್ಗದವು. ಲಕ್ಷ್ಮೇಶ್ವರದಲ್ಲಾಗಲಿ ಮುಂಡರಗಿಯಲ್ಲಾಗಲಿ ಇಂಥ ಸಂಘದ ಸದಸ್ಯಳಾದ ಸೊಸೆಗೆ 7,200 ರೂಪಾಯಿ ಹುಟ್ಟದ ಹಣವಲ್ಲ. ಬಡ್ಡಿ ಇದ್ದೇ ಇರುವದು. ಆದರೆ ಆ ಸಾಲವು ಹೊತ್ತಿಗೆ ಸರಿಯಾಗಿ ಇಳಿಯುತ್ತ ಹೋಗುವದು ಕಣ್ಣಿಗೆ ಕಾಣುವದು.

ಕಂತು ತುಂಬಿದ ಪ್ರತಿಯೊಂದು ರಸೀದಿಯನ್ನೂ ವಹಿಯಲ್ಲಿ ಆ ಹತ್ತು ತಿಂಗಳ ಬಿಲ್ಲುಗಳಿರುವ ಹಾಳೆಗೇ ಅಂಟಿಸಬೇಕು. ಮುಂದಿನ ತಿಂಗಳು ಮೀಟರು ನೋಡುವವನು ಬಂದಾಗ, ಅವನು ಕೊಟ್ಟ ಚೀಟಿಯಲ್ಲಿಯ ಅಂಕಿಯನ್ನೂ ಮೀಟರಿನ ಮೇಲಿನ ಅಂಕಿಯನ್ನೂ ಮನೆಯವರೊಬ್ಬರು ಅಲ್ಲಿಯೇ ನಿಂತು ಕೂಡಿಸಿ ನೋಡತಕ್ಕದ್ದು.